ಮೊದಲ ಸೂಜಿಗೂ ಮುನ್ನ ಒಂದು ಸೀಸೆ ರಕ್ತ: ಔಷಧಕ್ಕೆ ಮಣಿಯದ ಸೋಂಕು ಮತ್ತು ನಮ್ಮ ದವಾಖಾನೆಗಳು

ಹಾವೇರಿಯಿಂದ ಹುಬ್ಬಳ್ಳಿಗೆ ಸುಮಾರು 75 ಕಿಲೋಮೀಟರ್. ಗದಗದಿಂದ 60ಕ್ಕೆ ತುಸು ಕಡಿಮೆ. ಹಿರೇಕೆರೂರು, ರಾಣೆಬೆನ್ನೂರು, ರೋಣ, ಮುಂಡರಗಿ ಕಡೆಯಿಂದ ಬರುವವರಿಗೆ ದಾರಿ ಇನ್ನೂ ಉದ್ದ. ಜ್ವರ ಇಳಿಯದೆ, ರಕ್ತದೊತ್ತಡ ಕುಸಿದು, ಮೂತ್ರ ಕಡಿಮೆಯಾಗಿ, ಮಾತು ತೊದಲುತ್ತಿರುವ ರೋಗಿಯೊಬ್ಬರು ಈ ದಾರಿಯಲ್ಲಿ ಆಂಬ್ಯುಲೆನ್ಸ್ ಹತ್ತಿ ಹುಬ್ಬಳ್ಳಿಯ ದೊಡ್ಡ ದವಾಖಾನೆಯ ತುರ್ತು ವಿಭಾಗವನ್ನು ತಲುಪುವ ಹೊತ್ತಿಗೆ ಎರಡು ಮೂರು ಕಡೆ ಚಿಕಿತ್ಸೆ ಪಡೆದಿರುವುದು ಸಾಮಾನ್ಯ. ಊರಿನ ಕ್ಲಿನಿಕ್ಕಿನಲ್ಲಿ ಎರಡು ದಿನ ಸೂಜಿ ಮತ್ತು ಸಲೈನ್, ತಾಲ್ಲೂಕು ಕೇಂದ್ರದ ನರ್ಸಿಂಗ್ ಹೋಮಿನಲ್ಲಿ ಇನ್ನೆರಡು ದಿನ ಅದಕ್ಕಿಂತ ‘ಸ್ಟ್ರಾಂಗ್’ ಔಷಧ, ಅಲ್ಲಿಂದ ಮುಂದಕ್ಕೆ ಚೀಟಿ. ಅವರ ಮನೆಯವರ ಕೈಯಲ್ಲಿರುವ ಕಾಗದಗಳ ಕಟ್ಟಿನಲ್ಲಿ ರಕ್ತ ತಪಾಸಣೆ, ಸ್ಕ್ಯಾನಿಂಗ್, ಬಿಲ್ಲು ಎಲ್ಲವೂ ಇರುತ್ತವೆ. ಆದರೆ ರಕ್ತದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ, ಅದು ಯಾವ ಔಷಧಕ್ಕೆ ಮಣಿಯುತ್ತದೆ ಎಂದು ಹೇಳುವ ಕಲ್ಚರ್ ವರದಿ ಇರುವುದು ಅಪರೂಪ.

ಆ್ಯಂಟಿಬಯೊಟಿಕ್ ಪ್ರತಿರೋಧದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ಹೆಚ್ಚಾಗಿ ಔಷಧಿ ಅಂಗಡಿಯ ಕಟ್ಟೆಯ ಮುಂದೆ ನಿಂತುಬಿಡುತ್ತದೆ. ಚೀಟಿಯಿಲ್ಲದೆ ಗುಳಿಗೆ ಕೊಡಬಾರದು, ಕೋರ್ಸನ್ನು ಅರ್ಧಕ್ಕೆ ಬಿಡಬಾರದು ಎಂಬ ಮಾತುಗಳು ಸರಿಯಾದವೇ. ಆದರೆ ಜನರನ್ನು ಅತಿ ಬೇಗ ಕೊಲ್ಲುವ ರೂಪದಲ್ಲಿ, ಅಂದರೆ ದವಾಖಾನೆಯಲ್ಲಿ ಅಂಟಿ ರಕ್ತಕ್ಕೆ ಸೇರುವ ಸೋಂಕಿನ ರೂಪದಲ್ಲಿ, ಈ ಸಮಸ್ಯೆಯನ್ನು ನೋಡಿದರೆ ಕೇಳಬೇಕಾದ ಪ್ರಶ್ನೆಗಳು ಬೇರೆಯಾಗುತ್ತವೆ. ಮೊದಲ ಸೂಜಿ ಚುಚ್ಚುವ ಮುನ್ನ ರಕ್ತದ ಮಾದರಿ ತೆಗೆದರೇ? ಕತ್ತಿನ ನರಕ್ಕೆ ಹಾಕಿದ ನಳಿಕೆಯನ್ನು ಎಷ್ಟನೆಯ ದಿನಕ್ಕೆ ತೆಗೆದರು? ಹಾವೇರಿಯ ವೈದ್ಯರಿಗೆ ಹಾವೇರಿಯ ಬ್ಯಾಕ್ಟೀರಿಯಾಗಳ ಸ್ವಭಾವ ಗೊತ್ತಿದೆಯೇ, ಅಥವಾ ಅವರು ದೆಹಲಿ, ವೆಲ್ಲೂರಿನ ಅಂಕಿಗಳನ್ನು ನಂಬಿ ಔಷಧ ಬರೆಯುತ್ತಿದ್ದಾರೆಯೇ? ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಮಟ್ಟಿಗೆ ಈ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವೆಂದು ನನ್ನ ಭಾವನೆ. ಅದಕ್ಕೆ ಕಾರಣವನ್ನು ವಿವರಿಸಲು ಮೊದಲು ಸೋಂಕಿನ ಸ್ವರೂಪವನ್ನು ನೋಡಬೇಕಾಗುತ್ತದೆ.

ರಕ್ತ ಸಾಮಾನ್ಯವಾಗಿ ಸೂಕ್ಷ್ಮಜೀವಿಗಳಿಲ್ಲದ ದ್ರವ. ಮೂತ್ರನಾಳ, ಶ್ವಾಸಕೋಶ, ಕರುಳು, ಗಾಯ ಅಥವಾ ಚರ್ಮಕ್ಕೆ ಚುಚ್ಚಿದ ನಳಿಕೆಯ ಮೂಲಕ ಬ್ಯಾಕ್ಟೀರಿಯಾ ಅದರೊಳಗೆ ನುಗ್ಗಿ, ದೇಹ ಅದನ್ನು ಹೊರಹಾಕಲಾರದೆ ಹೋದಾಗ, ನಮ್ಮ ಹಿರಿಯರು ನಂಜೇರಿತು ಎನ್ನುತ್ತಿದ್ದ ಸ್ಥಿತಿ ಉಂಟಾಗುತ್ತದೆ. ದಾಖಲಾಗಿ 48 ಗಂಟೆ ಕಳೆದ ಮೇಲೆ ಕಾಣಿಸಿಕೊಂಡ ಸೋಂಕನ್ನು ಸಾಮಾನ್ಯವಾಗಿ ದವಾಖಾನೆಯಲ್ಲಿ ತಗುಲಿದ್ದೆಂದು ಲೆಕ್ಕ ಹಾಕುತ್ತಾರೆ. ಇಲ್ಲಿ ಒಂದು ಗಡಿಗೆರೆ ಮಸುಕಾಗುತ್ತದೆ: ತಾಲ್ಲೂಕಿನ ನರ್ಸಿಂಗ್ ಹೋಮಿನಲ್ಲಿ ಮೂರು ದಿನ ಮಲಗಿ ಬಂದ ರೋಗಿ ಹುಬ್ಬಳ್ಳಿಯ ದಾಖಲೆಯಲ್ಲಿ ‘ಹೊರಗಿನಿಂದ ಬಂದ ಸೋಂಕು’ ಎಂದು ನಮೂದಾಗುತ್ತಾರೆ, ಆದರೆ ಸೋಂಕು ಹುಟ್ಟಿದ್ದು ಇನ್ನೊಂದು ದವಾಖಾನೆಯ ಹಾಸಿಗೆಯಲ್ಲಿ. ಹೀಗೆ ಎರಡೂ ಕಡೆಯವರು ಅದನ್ನು ತಮ್ಮದಲ್ಲವೆಂದು ಭಾವಿಸಲು ಅವಕಾಶವಾಗುತ್ತದೆ.

ಈ ಸೋಂಕುಗಳ ಹಿಂದಿರುವ ಬ್ಯಾಕ್ಟೀರಿಯಾಗಳ ಪಟ್ಟಿ ಭಾರತದಲ್ಲಿ ಹೆಚ್ಚು ಉದ್ದವಿಲ್ಲ. ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ, ಅಸಿನೆಟೊಬ್ಯಾಕ್ಟರ್ ಬೌಮಾನಿ, ಇ. ಕೋಲಿ, ಸೂಡೊಮೊನಾಸ್, ಅವುಗಳ ಜೊತೆಗೆ ಸ್ಟ್ಯಾಫಿಲೊಕಾಕಸ್ ಆರಿಯಸ್ ಮತ್ತು ಎಂಟರೊಕಾಕಸ್. ಪಾಶ್ಚಾತ್ಯ ದೇಶಗಳಲ್ಲಿ ನಳಿಕೆಯ ಮೂಲಕ ಬರುವ ಸೋಂಕುಗಳಲ್ಲಿ ಚರ್ಮದ ಮೇಲಿನ ಸ್ಟ್ಯಾಫಿಲೊಕಾಕಸ್ ಗುಂಪಿನ ಪಾಲು ದೊಡ್ಡದು. ನಮ್ಮಲ್ಲಿ ಈ ಪಟ್ಟಿಯ ಮೊದಲ ನಾಲ್ಕು ಸೇರಿರುವ ಗ್ರಾಮ್ ನೆಗೆಟಿವ್ ಗುಂಪೇ ಮೇಲುಗೈ ಪಡೆದಿದೆ. ಈ ವ್ಯತ್ಯಾಸ ಮಹತ್ವದ್ದು, ಏಕೆಂದರೆ ಈ ಗುಂಪಿನ ಬ್ಯಾಕ್ಟೀರಿಯಾಗಳಿಗೆ ಎರಡು ಹೊದಿಕೆಗಳಿದ್ದು ಔಷಧ ಒಳಗೆ ಹೋಗುವುದೇ ಕಷ್ಟ. ಹೋದರೂ ಅದನ್ನು ಕತ್ತರಿಸಿಹಾಕುವ ಕಿಣ್ವಗಳನ್ನು ಅವು ತಯಾರಿಸುತ್ತವೆ. ಸೆಫ್ಟ್ರಿಯಾಕ್ಸೋನ್‌ನಂಥ ಔಷಧಗಳನ್ನು ನಿಷ್ಕ್ರಿಯಗೊಳಿಸುವ ಇಎಸ್‌ಬಿಎಲ್ ಕಿಣ್ವಗಳು ನಮ್ಮಲ್ಲಿ ಎಷ್ಟು ವ್ಯಾಪಕವಾಗಿ ಹರಡಿವೆಯೆಂದರೆ, ಮೂತ್ರನಾಳದ ಸೋಂಕಿನೊಂದಿಗೆ ಮೊದಲ ಬಾರಿ ದವಾಖಾನೆಗೆ ಬಂದವರಲ್ಲೂ ಅವು ಸಿಗುತ್ತವೆ. ಅದಕ್ಕೂ ಮೇಲಿನ ಹಂತದ ಕಾರ್ಬಪೆನೆಮ್ ಗುಂಪಿನ ಔಷಧಗಳನ್ನು ಮುರಿಯುವ ಎನ್‌ಡಿಎಂ ಮತ್ತು ಆಕ್ಸಾ-48 ಮಾದರಿಯ ಕಿಣ್ವಗಳು ಇಂದಿನ ತೀವ್ರ ನಿಗಾ ಘಟಕಗಳ ದೊಡ್ಡ ತಲೆನೋವು.

ಇವುಗಳ ಜೀನ್‌ಗಳು ಹೆಚ್ಚಾಗಿ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಬಳೆಗಳ ಮೇಲೆ ಕುಳಿತಿರುತ್ತವೆ. ಓಣಿಯಲ್ಲಿ ಒಂದು ಮನೆಯ ಹೆಪ್ಪು ನಾಲ್ಕು ಮನೆಗೆ ಹೋಗಿ ನಾಲ್ಕೂ ಕಡೆ ಹಾಲು ಮೊಸರಾಗುವಂತೆ, ಒಂದು ಕ್ಲೆಬ್ಸಿಯೆಲ್ಲಾದ ಪ್ಲಾಸ್ಮಿಡ್ ಪಕ್ಕದ ಇ. ಕೋಲಿಗೆ ದಾಟಿದರೆ ಸಾಕು, ಆ ಔಷಧವನ್ನು ಎಂದೂ ಎದುರಿಸದ ಬ್ಯಾಕ್ಟೀರಿಯಾ ಕೂಡ ಅದಕ್ಕೆ ಬಗ್ಗದ ಶಕ್ತಿ ಪಡೆಯುತ್ತದೆ. ಹಾಗಾಗಿ ‘ನಾನು ಎಂದೂ ಹೆಚ್ಚು ಔಷಧ ತಗೊಂಡವನಲ್ಲ, ನನಗೆ ಇದು ಹೇಗೆ ಬಂತು’ ಎಂಬ ರೋಗಿಯ ಪ್ರಶ್ನೆ ಸಹಜವಾದರೂ, ಅದಕ್ಕೆ ಉತ್ತರ ಅವರ ದೇಹದಲ್ಲಿರದೆ ಪಕ್ಕದ ಹಾಸಿಗೆಯಲ್ಲಿ, ಅಲ್ಲಿಂದ ಇಲ್ಲಿಗೆ ಬಂದ ಕೈಗಳಲ್ಲಿ ಇರಬಹುದು. ಅಸಿನೆಟೊಬ್ಯಾಕ್ಟರಂತೂ ಮಂಚದ ಕಂಬಿ, ಮಾನಿಟರಿನ ಗುಂಡಿ, ವೆಂಟಿಲೇಟರಿನ ಕೊಳವೆಯಂಥ ಒಣ ಜಾಗಗಳ ಮೇಲೆ ವಾರಗಟ್ಟಲೆ ಜೀವ ಹಿಡಿದಿರಬಲ್ಲದು.

ದೇಶದ ಚಿತ್ರಣಕ್ಕೆ ನಮಗಿರುವ ಮುಖ್ಯ ಆಧಾರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2013ರಲ್ಲಿ ಆರಂಭಿಸಿದ ಕಣ್ಗಾವಲು ಜಾಲ. ಅದರ 2021ರ ವರದಿಯಂತೆ, ಇಮಿಪೆನೆಮ್ ಎಂಬ ಕಾರ್ಬಪೆನೆಮ್‌ಗೆ ಪ್ರತಿರೋಧ ತೋರಿದ ಇ. ಕೋಲಿಯ ಪಾಲು 2016ರಲ್ಲಿ ಶೇ 14 ಇದ್ದದ್ದು 2021ರಲ್ಲಿ ಶೇ 36ಕ್ಕೆ ಏರಿತ್ತು. ಅದೇ ಅವಧಿಯಲ್ಲಿ ಆ ಔಷಧಕ್ಕೆ ಮಣಿಯುತ್ತಿದ್ದ ಕ್ಲೆಬ್ಸಿಯೆಲ್ಲಾದ ಪಾಲು ಶೇ 65ರಿಂದ ಶೇ 43ಕ್ಕೆ ಇಳಿದಿತ್ತು. ಅಸಿನೆಟೊಬ್ಯಾಕ್ಟರಿನಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಾದರಿಗಳು ಕಾರ್ಬಪೆನೆಮ್‌ಗೆ ಬಗ್ಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಪ್ರಕಟಿಸಿದ ವರದಿ, ಪ್ರಯೋಗಾಲಯದಲ್ಲಿ ದೃಢಪಟ್ಟ ಸೋಂಕುಗಳಲ್ಲಿ ಜಾಗತಿಕವಾಗಿ ಆರಕ್ಕೆ ಒಂದು ಔಷಧ ಪ್ರತಿರೋಧಿಯಾಗಿದ್ದರೆ ಭಾರತ ಸೇರಿರುವ ಆಗ್ನೇಯ ಏಷ್ಯಾ ವಲಯದಲ್ಲಿ ಮೂರಕ್ಕೆ ಒಂದು ಹಾಗಿದೆ ಎಂದು ಹೇಳಿದೆ. 2019ರಲ್ಲಿ ಪ್ರಪಂಚದಾದ್ಯಂತ 12.7 ಲಕ್ಷ ಸಾವುಗಳಿಗೆ ಬ್ಯಾಕ್ಟೀರಿಯಾಗಳ ಔಷಧ ಪ್ರತಿರೋಧವೇ ನೇರ ಕಾರಣವೆಂಬ ಅಂದಾಜು 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತ್ತು.

ಇಂಥ ಪರಿಸ್ಥಿತಿಯಲ್ಲಿ ತುರ್ತು ವಿಭಾಗದ ವೈದ್ಯರ ಸಂಕಟವನ್ನು ಅರ್ಥ ಮಾಡಿಕೊಳ್ಳದೆ ಅವರ ಮೇಲೆ ದೂರು ಹೊರಿಸುವುದು ಅನ್ಯಾಯ. ರಕ್ತದೊತ್ತಡ ಕುಸಿದ ಸ್ಥಿತಿಯಲ್ಲಿ ಸರಿಯಾದ ಔಷಧ ಒಂದೊಂದು ಗಂಟೆ ತಡವಾದಂತೆ ಬದುಕುಳಿಯುವ ಸಾಧ್ಯತೆ ಸರಾಸರಿ ಶೇ 7.6ರಷ್ಟು ಇಳಿಯುತ್ತಿತ್ತು ಎಂದು 2006ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದು ತೋರಿಸಿತು. ಕಲ್ಚರ್ ವರದಿ ಬರಲು ಎರಡರಿಂದ ಮೂರು ದಿನ ಬೇಕು. ಈ ಎರಡು ವಾಸ್ತವಗಳ ನಡುವೆ ವೈದ್ಯರು ಊಹೆಯ ಮೇಲೆ ಔಷಧ ಆರಿಸಬೇಕಾಗುತ್ತದೆ, ಮತ್ತು ಊಹೆ ತಪ್ಪಿದರೆ ಸಾಯುವುದು ರೋಗಿ. 2018ರಲ್ಲಿ ಪ್ರಕಟವಾದ ಮೆರಿನೊ ಪ್ರಯೋಗ ಈ ಸಂಕಟವನ್ನು ಇನ್ನಷ್ಟು ಬಿಗಿಗೊಳಿಸಿತು. ಸೆಫ್ಟ್ರಿಯಾಕ್ಸೋನ್‌ಗೆ ಮಣಿಯದ ಇ. ಕೋಲಿ ಅಥವಾ ಕ್ಲೆಬ್ಸಿಯೆಲ್ಲಾ ರಕ್ತಕ್ಕೆ ಸೇರಿದ ರೋಗಿಗಳಲ್ಲಿ ಕೆಲವರಿಗೆ ಕಾರ್ಬಪೆನೆಮ್ ಗುಂಪಿನ ಮೆರೊಪೆನೆಮ್, ಉಳಿದವರಿಗೆ ಅದಕ್ಕಿಂತ ಒಂದು ಹಂತ ಕೆಳಗಿನ ಪಿಪೆರಾಸಿಲಿನ್-ಟ್ಯಾಜೊಬ್ಯಾಕ್ಟಮ್ ಕೊಟ್ಟು ನೋಡಿದಾಗ, 30 ದಿನಗಳೊಳಗೆ ಸತ್ತವರು ಮೊದಲ ಗುಂಪಿನಲ್ಲಿ ಶೇ 3.7, ಎರಡನೆಯ ಗುಂಪಿನಲ್ಲಿ ಶೇ 12.3. ಇದನ್ನು ಓದಿದ ವೈದ್ಯರು, ತಮ್ಮ ಊರಿನಲ್ಲಿ ಇಎಸ್‌ಬಿಎಲ್ ಎಷ್ಟಿದೆ ಎಂಬುದು ಗೊತ್ತಿಲ್ಲದಿದ್ದಾಗ, ಮೆರೊಪೆನೆಮ್ ಬರೆಯುವುದು ತೀರಾ ಸಹಜ. ಎಲ್ಲರೂ ಹಾಗೆ ಬರೆಯುವುದರಿಂದ ಮೆರೊಪೆನೆಮ್‌ಗೂ ಬಗ್ಗದ ಬ್ಯಾಕ್ಟೀರಿಯಾಗಳಿಗೆ ದಾರಿಯಾಗುತ್ತದೆ ಎಂಬುದೂ ಅಷ್ಟೇ ನಿಜ.

ಈ ಬಿಕ್ಕಟ್ಟಿನಿಂದ ಹೊರಬರಲು ಇರುವ ಸಾಧನ ರಕ್ತದ ಕಲ್ಚರ್, ಅದೂ ಮೊದಲ ಡೋಸಿಗೆ ಮುನ್ನ ತೆಗೆದದ್ದು. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತೀವ್ರ ಸೆಪ್ಸಿಸ್, ಅಂದರೆ ಮೇಲೆ ಹೇಳಿದ ನಂಜೇರಿದ ಸ್ಥಿತಿ, ಇದ್ದ ರೋಗಿಗಳ ರಕ್ತವನ್ನು ಆ್ಯಂಟಿಬಯೊಟಿಕ್ ಕೊಡುವ ಮೊದಲು ಮತ್ತು ಕೊಟ್ಟ ಎರಡು ಗಂಟೆಯೊಳಗೆ, ಹೀಗೆ ಎರಡು ಬಾರಿ ತೆಗೆದು ಬೆಳೆಸಿದರು. ಮೊದಲು ತೆಗೆದದ್ದರಲ್ಲಿ ಶೇ 31.4ರಲ್ಲಿ ಬ್ಯಾಕ್ಟೀರಿಯಾ ಬೆಳೆದರೆ, ನಂತರ ತೆಗೆದದ್ದರಲ್ಲಿ ಶೇ 19.4ರಲ್ಲಿ ಮಾತ್ರ. ಕೇವಲ ಎರಡು ಗಂಟೆಯ ಅಂತರದಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಮಾಹಿತಿ ಅಳಿಸಿಹೋಗುತ್ತದೆ. ನಾಲ್ಕು ದಿನ ಬೇರೆ ಬೇರೆ ಔಷಧ ಪಡೆದು ಹುಬ್ಬಳ್ಳಿ ತಲುಪಿದವರಲ್ಲಿ ಎಷ್ಟು ಉಳಿದಿರಬಹುದು ಎಂಬುದನ್ನು ಓದುಗರೇ ಊಹಿಸಬಹುದು. ಸೋಂಕು ಇದ್ದೂ ‘ಏನೂ ಬೆಳೆಯಲಿಲ್ಲ’ ಎಂಬ ವರದಿ ಬಂದರೆ, ಶುರುಮಾಡಿದ ದೊಡ್ಡ ಔಷಧವನ್ನು ನಿಲ್ಲಿಸುವ ಧೈರ್ಯ ಯಾರಿಗೂ ಬರುವುದಿಲ್ಲ.

ರಕ್ತದ ಪ್ರಮಾಣವೂ ಮುಖ್ಯ. ವಯಸ್ಕರ ಒಂದು ಮಿಲಿಲೀಟರ್ ರಕ್ತದಲ್ಲಿ ಎಷ್ಟೋ ಸಲ ಒಂದೆರಡು ಬ್ಯಾಕ್ಟೀರಿಯಾ ಮಾತ್ರ ಇರುತ್ತವೆ. ಅದಕ್ಕಾಗಿಯೇ ಪ್ರತಿ ಸೀಸೆಗೆ 8ರಿಂದ 10 ಮಿಲಿಲೀಟರಿನಂತೆ, ಎರಡು ಬೇರೆ ಬೇರೆ ಕಡೆಯಿಂದ ಚುಚ್ಚಿ, ಎರಡು ಜೊತೆ ಸೀಸೆ ತೆಗೆಯಬೇಕೆಂಬ ನಿಯಮವಿದೆ. ಒಂದೇ ಜೊತೆಯಿಂದ ಸುಮಾರು ನಾಲ್ಕರಲ್ಲಿ ಮೂರು ಸೋಂಕುಗಳು ಪತ್ತೆಯಾದರೆ, ಎರಡು ಜೊತೆಯಿಂದ ಹತ್ತರಲ್ಲಿ ಒಂಬತ್ತು ಪತ್ತೆಯಾಗುತ್ತವೆ. ಎರಡನೆಯ ಜೊತೆಗೆ ಇನ್ನೊಂದು ಉಪಯೋಗವಿದೆ: ಚರ್ಮವನ್ನು ಸರಿಯಾಗಿ ಒರೆಸದೆ ಚುಚ್ಚಿದಾಗ ಚರ್ಮದ ಮೇಲಿನ ನಿರುಪದ್ರವಿ ಸ್ಟ್ಯಾಫಿಲೊಕಾಕಸ್ ಸೀಸೆಗೆ ಇಳಿದು ಬೆಳೆಯುತ್ತದೆ, ಎರಡರಲ್ಲಿ ಒಂದೇ ಜೊತೆಯಲ್ಲಿ ಅದು ಬೆಳೆದರೆ ಕಲಬೆರಕೆಯೆಂದು ತಿಳಿಯಬಹುದು. ಒಂದೇ ಸೀಸೆ ತೆಗೆದಿದ್ದರೆ ಆ ತೀರ್ಮಾನಕ್ಕೆ ಆಧಾರವಿರುವುದಿಲ್ಲ, ರೋಗಿಗೆ ಸುಮ್ಮನೆ ಸ್ಟ್ಯಾಫಿಲೊಕಾಕಸ್ ವಿರುದ್ಧದ ವ್ಯಾಂಕೊಮೈಸಿನ್ ಏರುತ್ತದೆ. ‘ಎಷ್ಟು ರಕ್ತ ತಗೀತೀರಿ, ಮೊದಲೇ ನಿತ್ರಾಣ ಆಗ್ಯಾರ’ ಎಂದು ಮನೆಯವರು ಆಕ್ಷೇಪಿಸುವುದು ನಮ್ಮ ವಾರ್ಡುಗಳಲ್ಲಿ ದಿನನಿತ್ಯ ಕೇಳುವ ಮಾತು. ನಾಲ್ಕು ಸೀಸೆಯ ರಕ್ತ ಸೇರಿದರೂ ಅದು ರಕ್ತದಾನದಲ್ಲಿ ಕೊಡುವುದರ ಎಂಟನೆಯ ಒಂದು ಭಾಗದಷ್ಟು ಎಂದು ಅವರಿಗೆ ತಾಳ್ಮೆಯಿಂದ ವಿವರಿಸುವವರು ಬೇಕು.

ಇಲ್ಲಿಗೆ ಬಂದಾಗ ಜಿಲ್ಲೆಯ ಅಂಕಿಗಳ ಪ್ರಶ್ನೆ ಎದುರಾಗುತ್ತದೆ, ಮತ್ತು ಇದರ ಬಗ್ಗೆ ಸಾಕಷ್ಟು ಯೋಚನೆ ನಡೆದಿಲ್ಲವೆಂಬುದು ನನ್ನ ಕಳವಳ. ಐಸಿಎಂಆರ್ ಜಾಲದ ಮಾಹಿತಿ ಬರುವುದು ಬಹುಪಾಲು ದೊಡ್ಡ ನಗರಗಳ ದೊಡ್ಡ ಆಸ್ಪತ್ರೆಗಳಿಂದ. ಅಲ್ಲಿಗೆ ಬರುವವರು ಈಗಾಗಲೇ ಹಲವೆಡೆ ಚಿಕಿತ್ಸೆ ಪಡೆದು, ಔಷಧ ಫಲಿಸದೆ ಬಂದವರು. ಅವರಲ್ಲಿ ಪ್ರತಿರೋಧಿ ಬ್ಯಾಕ್ಟೀರಿಯಾ ಹೆಚ್ಚಾಗಿರುವುದು ಅನಿವಾರ್ಯ. ಆ ಅಂಕಿಗಳನ್ನು ಸವಣೂರಿನ ತಾಲ್ಲೂಕು ಆಸ್ಪತ್ರೆಗೆ ಮೊದಲ ದಿನವೇ ಜ್ವರದಿಂದ ಬಂದ ರೈತನಿಗೆ ಅನ್ವಯಿಸಿದರೆ, ಅವನಿಗೆ ಸಾಧಾರಣ ಔಷಧ ಸಾಕಾಗುವ ಸಾಧ್ಯತೆಯಿದ್ದರೂ ದೊಡ್ಡದನ್ನೇ ಕೊಡುವಂತಾಗುತ್ತದೆ. ಸ್ಥಳೀಯವಾಗಿ ಕಲ್ಚರ್ ಮಾಡುವ ಕಡೆಯೂ ಇದೇ ದೋಷ ಬೇರೆ ರೂಪದಲ್ಲಿ ನುಸುಳುತ್ತದೆ. ಮೊದಲೆರಡು ಔಷಧ ಸೋತ ಮೇಲಷ್ಟೇ ಮಾದರಿ ಕಳಿಸುವ ರೂಢಿಯಿದ್ದರೆ, ಪ್ರಯೋಗಾಲಯಕ್ಕೆ ತಲುಪುವುದು ಸೋತ ರೋಗಿಗಳ ರಕ್ತ ಮಾತ್ರ. ಗೆದ್ದವರ ರಕ್ತ ಲೆಕ್ಕಕ್ಕೇ ಬರುವುದಿಲ್ಲ. ಯಾವ ಔಷಧ ಎಷ್ಟು ಫಲಿಸುತ್ತದೆ ಎಂದು ಹೇಳಲು ಹೀಗೆ ತಯಾರಾದ ಪಟ್ಟಿಯಲ್ಲಿ ಎಲ್ಲ ಸಾಮಾನ್ಯ ಔಷಧಗಳೂ ನಿಷ್ಪ್ರಯೋಜಕವಾಗಿ ಕಾಣುತ್ತವೆ, ವೈದ್ಯರು ಅದನ್ನು ನೋಡಿ ಮೊದಲ ದಿನವೇ ಕೊನೆಯ ಔಷಧಕ್ಕೆ ಕೈಹಾಕುತ್ತಾರೆ, ಅದರಿಂದ ಪ್ರತಿರೋಧ ನಿಜವಾಗಿಯೂ ಹೆಚ್ಚುತ್ತದೆ. ಪಟ್ಟಿ ಹೇಳಿದ್ದು ಕೆಲವೇ ವರ್ಷಗಳಲ್ಲಿ ಸತ್ಯವಾಗಿಬಿಡುತ್ತದೆ. ಜ್ವರದ ಎಲ್ಲ ಗಂಭೀರ ರೋಗಿಗಳಿಂದಲೂ ಮೊದಲೇ ಮಾದರಿ ತೆಗೆಯುವ ಪದ್ಧತಿ ಬಂದರೆ ಮಾತ್ರ ಈ ಚಕ್ರ ಮುರಿಯುತ್ತದೆ.

ಸೋಂಕನ್ನು ಗುರುತಿಸುವುದು ಒಂದು ಮಾತು, ಅದು ಬಾರದಂತೆ ತಡೆಯುವುದು ಇನ್ನೊಂದು. ಈ ಎರಡನೆಯದರಲ್ಲಿ ನಮ್ಮ ಬಳಿ ಆಶಾದಾಯಕವಾದ ಪುರಾವೆಯಿದೆ. ದೊಡ್ಡ ರಕ್ತನಾಳಕ್ಕೆ ಹಾಕುವ ಸೆಂಟ್ರಲ್ ಲೈನ್ ಮೂಲಕ ಬರುವ ಸೋಂಕುಗಳನ್ನು ಭಾರತದ 54 ಆಸ್ಪತ್ರೆಗಳ 200 ತೀವ್ರ ನಿಗಾ ಘಟಕಗಳಲ್ಲಿ 2017ರಿಂದ 2024ರವರೆಗೆ ಎಣಿಸಿದ ಅಧ್ಯಯನವೊಂದು, ಪ್ರತಿ 1,000 ಲೈನ್-ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಲೈನ್ ಇದ್ದರೆ ಒಂದು ಲೈನ್-ದಿನ) 8.83 ಸೋಂಕುಗಳಾಗುತ್ತಿವೆ ಎಂದು ವರದಿ ಮಾಡಿದೆ. ಈ ಸಂಖ್ಯೆಯನ್ನು ನೋಡಿ ನಮ್ಮ ದೇಶದ ಹಣೆಬರಹವೇ ಇಷ್ಟು ಎಂದು ಕೈಚೆಲ್ಲುವವರು ಅಮೆರಿಕದ ಮಿಶಿಗನ್ ರಾಜ್ಯದ ಅನುಭವವನ್ನು ಗಮನಿಸಬೇಕು. ಅಲ್ಲಿನ ನೂರಕ್ಕೂ ಹೆಚ್ಚು ತೀವ್ರ ನಿಗಾ ಘಟಕಗಳಲ್ಲಿ ಈ ದರದ ಸರಾಸರಿ ಒಂದು ಕಾಲಕ್ಕೆ 7.7 ಇತ್ತು, ಅಂದರೆ ನಮ್ಮದಕ್ಕಿಂತ ಬಹಳ ಬೇರೆಯೇನಲ್ಲ. ಕೈ ತೊಳೆಯುವುದು, ಲೈನ್ ಹಾಕುವಾಗ ರೋಗಿಯನ್ನು ಪೂರ್ತಿ ಹೊದಿಸುವುದು, ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಾಶಕದಿಂದ ಚರ್ಮ ಒರೆಸುವುದು, ಸಾಧ್ಯವಾದಷ್ಟು ತೊಡೆಸಂದಿಯ ನರವನ್ನು ಬಿಟ್ಟು ಬೇರೆಡೆ ಹಾಕುವುದು, ಬೇಡವಾದ ಕೂಡಲೇ ತೆಗೆದುಬಿಡುವುದು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ತಪ್ಪಿದರೆ ವೈದ್ಯರನ್ನೂ ತಡೆಯುವ ಅಧಿಕಾರವನ್ನು ನರ್ಸ್‌ಗಳಿಗೆ ಕೊಟ್ಟಾಗ, 18 ತಿಂಗಳಲ್ಲಿ ಆ ದರ 1.4ಕ್ಕೆ ಇಳಿಯಿತು. 2006ರಲ್ಲಿ ಪ್ರಕಟವಾದ ಈ ಫಲಿತಾಂಶದ ಹಿಂದೆ ಹೊಸ ಔಷಧವಾಗಲಿ ದುಬಾರಿ ಯಂತ್ರವಾಗಲಿ ಇರಲಿಲ್ಲ.

ಇವೆಲ್ಲವುಗಳಲ್ಲಿ ನಮ್ಮಲ್ಲಿ ಅತ್ಯಂತ ಕಠಿಣವಾದದ್ದು ನರ್ಸ್ ವೈದ್ಯರನ್ನು ತಡೆಯುವುದು ಎಂದು ನನಗೆ ಅನ್ನಿಸುತ್ತದೆ. ‘ಸರ್, ಕೈ ತೊಳೆದಿಲ್ಲ’ ಎಂದು ಇಪ್ಪತ್ತಮೂರರ ಹುಡುಗಿಯೊಬ್ಬಳು ಹಿರಿಯ ವೈದ್ಯರಿಗೆ ಹೇಳಬಲ್ಲ ವಾತಾವರಣವನ್ನು ಹುಟ್ಟಿಸುವುದು ಆಡಳಿತದ ಕೆಲಸ. ಅದರ ಜೊತೆಗೆ ಸಂಖ್ಯೆಯ ಪ್ರಶ್ನೆಯಿದೆ. ತೀವ್ರ ನಿಗಾ ಘಟಕದಲ್ಲಿ ಒಂದು ಹಾಸಿಗೆಗೆ ಒಬ್ಬ ನರ್ಸ್ ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಒಬ್ಬರೇ ನಾಲ್ಕು ರೋಗಿಗಳನ್ನು ನೋಡುತ್ತಿದ್ದರೆ ಪ್ರತಿ ಸ್ಪರ್ಶಕ್ಕೂ ಕೈ ತೊಳೆಯಲು ಅವರ ಪಾಳಿಯ ಅವಧಿಯೇ ಸಾಲದು. ಮಲಪ್ರಭೆಯ ನೀರಿಗಾಗಿ ದಿನಗಟ್ಟಲೆ ಕಾಯುವ ಹುಬ್ಬಳ್ಳಿ-ಧಾರವಾಡದ ಬಡಾವಣೆಗಳಲ್ಲಿರುವ ಸಣ್ಣ ನರ್ಸಿಂಗ್ ಹೋಮ್‌ಗಳಿಗೆ ಹಾಸಿಗೆಯ ಪಕ್ಕದಲ್ಲೇ ಆಲ್ಕೋಹಾಲ್ ದ್ರಾವಣ ಇಡುವುದು ಪ್ರಾಯೋಗಿಕ ಪರಿಹಾರ. ಕೈ ಕಣ್ಣಿಗೆ ಕಾಣುವಷ್ಟು ಕೊಳೆಯಾಗಿಲ್ಲದಿದ್ದರೆ ಸೋಪಿಗಿಂತ ಅದೇ ಉತ್ತಮವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ದೊಡ್ಡ ಲೈನಿನ ಬಗ್ಗೆ ಇಷ್ಟು ಹೇಳಿದ ಮೇಲೆ ಕೈಯ ಸಣ್ಣ ನಳಿಕೆಯನ್ನು ಮರೆಯುವಂತಿಲ್ಲ. ನಮ್ಮ ಭಾಗದಲ್ಲಿ ಸುಸ್ತಾದರೆ ಸಲೈನ್ ಹಚ್ಚಿಸಿಕೊಳ್ಳುವುದು ಒಂದು ರೂಢಿಯೇ ಆಗಿದೆ. ಬಾಯಿಂದ ನೀರು ಕುಡಿಯಬಲ್ಲ ವ್ಯಕ್ತಿಗೆ ಅದರಿಂದ ಉಪಯೋಗ ತೀರಾ ಕಡಿಮೆ, ಆದರೆ ಚರ್ಮದಿಂದ ರಕ್ತಕ್ಕೆ ಒಂದು ಬಾಗಿಲು ತೆರೆದಂತಾಗುತ್ತದೆ. ಒಂದೇ ಸೀಸೆಯ ಔಷಧವನ್ನು ಹಲವರಿಗೆ ಬಳಸುವುದು, ಸಲೈನ್ ಬಾಟಲಿಗೆ ಗಾಳಿಗಾಗಿ ಸೂಜಿ ಚುಚ್ಚಿ ಬಿಡುವುದು, ಇವೂ ಇದೇ ದಾರಿಯ ಅಪಾಯಗಳು.

ಅತ್ಯಂತ ನೋವಿನ ಸಂಗತಿ ನವಜಾತ ಶಿಶುಗಳದ್ದು. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ತೀವ್ರ ನಿಗಾ ಘಟಕಗಳಿಗೆ ದಾಖಲಾದ 13,530 ಶಿಶುಗಳನ್ನು ಅನುಸರಿಸಿದ ಅಧ್ಯಯನದಲ್ಲಿ, ರಕ್ತದ ಸೋಂಕಿನಲ್ಲಿ ಮೊದಲ ಸ್ಥಾನ ಪಡೆದದ್ದು ಅಸಿನೆಟೊಬ್ಯಾಕ್ಟರ್, ಮತ್ತು ಅದರಲ್ಲಿ ಶೇ 82ರಷ್ಟು ಬಹುಔಷಧ ಪ್ರತಿರೋಧಿಯಾಗಿತ್ತು. ಸುಮಾರು ಮೂರನೇ ಎರಡರಷ್ಟು ಸೋಂಕುಗಳು ಹುಟ್ಟಿದ 72 ಗಂಟೆಗಳ ಒಳಗೇ ಕಾಣಿಸಿಕೊಂಡವು. ಯಾವ ಔಷಧವನ್ನೂ ಅರಿಯದ, ಕೆಲವೇ ಗಂಟೆಗಳ ಹಿಂದೆ ಹುಟ್ಟಿದ ಕೂಸಿನ ರಕ್ತದಲ್ಲಿ ಇಂಥ ಬ್ಯಾಕ್ಟೀರಿಯಾ ಸಿಕ್ಕರೆ, ಅದು ಹೆರಿಗೆ ಕೋಣೆಯಿಂದ, ಅಲ್ಲಿನ ಉಪಕರಣ ಮತ್ತು ಕೈಗಳಿಂದ ಬಂದಿದೆ ಎಂಬ ಅನುಮಾನ ಬಲವಾಗುತ್ತದೆ. ಜಿಲ್ಲಾ ಮಟ್ಟದಲ್ಲಿ ಶಿಶುಗಳ ವಿಶೇಷ ಘಟಕಗಳನ್ನು ಹೆಚ್ಚಿಸಿರುವುದು ಒಳ್ಳೆಯ ಕೆಲಸ. ಹಾಸಿಗೆಗಳ ಸಂಖ್ಯೆಯೊಂದಿಗೆ ಸೋಂಕಿನ ಎಣಿಕೆಯೂ ಅಷ್ಟೇ ಕಟ್ಟುನಿಟ್ಟಾಗಿ ನಡೆಯಬೇಕು.

ಹೊಸ ಔಷಧ ಬಂದು ಎಲ್ಲವನ್ನೂ ಪರಿಹರಿಸುತ್ತದೆ ಎಂಬ ನಿರೀಕ್ಷೆಗೆ ಆಧಾರ ಕಡಿಮೆ. ಕಾರ್ಬಪೆನೆಮ್ ಸೋತಾಗ ವೈದ್ಯರು ಮೊರೆಹೋಗುತ್ತಿದ್ದ ಕೊಲಿಸ್ಟಿನ್ 1940ರ ದಶಕದಲ್ಲಿ ಪತ್ತೆಯಾದ, ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆಂದು ಒಮ್ಮೆ ಮೂಲೆಗೆ ಸರಿಸಿದ್ದ ಔಷಧ. ಅದನ್ನು ಕೋಳಿ, ದನಗಳ ಮೇವಿನಲ್ಲಿ ಬಳಸುವುದನ್ನು ಭಾರತ 2019ರ ಜುಲೈನಲ್ಲಿ ನಿಷೇಧಿಸಿತು. ಈಚಿನ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಆಕ್ಸಾ-48 ಕಿಣ್ವದ ವಿರುದ್ಧ ಕೆಲಸ ಮಾಡುತ್ತದೆ, ಆದರೆ ನಮ್ಮಲ್ಲಿ ವ್ಯಾಪಕವಾಗಿರುವ ಎನ್‌ಡಿಎಂ ವಿರುದ್ಧ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಆಜ್ಟ್ರಿಯೊನಾಮ್ ಎಂಬ ಇನ್ನೊಂದನ್ನು ಜೊತೆಗೆ ಕೊಡಬೇಕಾಗುತ್ತದೆ, ಮತ್ತು ಆ ಖರ್ಚು ದಿನಕ್ಕೆ ಸಾವಿರಾರು ರೂಪಾಯಿ. ಕಾರ್ಬಪೆನೆಮ್‌ಗೆ ಬಗ್ಗದ ಸೋಂಕು ತಗುಲಿದವರಲ್ಲಿ ಸರಿಯಾದ ಔಷಧ ಸಿಕ್ಕವರು ಎಷ್ಟು ಎಂದು ಎಂಟು ದೇಶಗಳ 2019ರ ಮಾಹಿತಿಯಿಂದ ಅಂದಾಜಿಸಿದ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಭಾರತದಲ್ಲಿ ಆ ಪಾಲು ಶೇ 10ನ್ನೂ ಮುಟ್ಟಲಿಲ್ಲ. ಬೇಡದವರಿಗೆ ದೊಡ್ಡ ಔಷಧ ಧಾರಾಳವಾಗಿ ಸಿಗುತ್ತಿರುವ ದೇಶದಲ್ಲೇ, ಅದು ಅತ್ಯಗತ್ಯವಾಗಿ ಬೇಕಾದವರಿಗೆ ಸಿಗುತ್ತಿಲ್ಲ. ಬಳಕೆಯನ್ನು ಕಡಿಮೆ ಮಾಡಿ ಎಂದು ಮಾತ್ರ ಉಪದೇಶಿಸುವವರು ಈ ಎರಡನೆಯ ಅನ್ಯಾಯವನ್ನು ಕಾಣುವುದಿಲ್ಲ.

ಚಿಕಿತ್ಸೆಯ ಅವಧಿಯ ಬಗ್ಗೆ ಮಾತ್ರ ಈಚೆಗೆ ಒಳ್ಳೆಯ ಸುದ್ದಿಯೊಂದು ಬಂದಿದೆ. ರಕ್ತದ ಸೋಂಕಿಗೆ ಹದಿನಾಲ್ಕು ದಿನ ಔಷಧ ಕೊಡುವುದು ಬಹುಕಾಲದ ವಾಡಿಕೆ. 7 ದೇಶಗಳ 74 ಆಸ್ಪತ್ರೆಗಳಲ್ಲಿ 3,608 ರೋಗಿಗಳ ಮೇಲೆ ನಡೆದು 2024ರ ಕೊನೆಯಲ್ಲಿ ಪ್ರಕಟವಾದ ಬ್ಯಾಲೆನ್ಸ್ ಪ್ರಯೋಗದಲ್ಲಿ, 90 ದಿನಗಳೊಳಗೆ ಸತ್ತವರು 7 ದಿನ ಔಷಧ ಪಡೆದವರಲ್ಲಿ ಶೇ 14.5, 14 ದಿನ ಪಡೆದವರಲ್ಲಿ ಶೇ 16.1. ಸ್ಟ್ಯಾಫಿಲೊಕಾಕಸ್ ಆರಿಯಸ್ ಸೋಂಕಿನವರು ಮತ್ತು ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರು ಈ ಪ್ರಯೋಗದಲ್ಲಿ ಇರಲಿಲ್ಲ ಎಂಬುದನ್ನು ನೆನಪಿಡಬೇಕು. ಉಳಿದ ಹಲವರ ವಿಷಯದಲ್ಲಿ ವೈದ್ಯರು ಏಳನೆಯ ದಿನ ಔಷಧ ನಿಲ್ಲಿಸಿದರೆ ‘ಅರ್ಧಕ್ಕೇ ಬಿಟ್ಟರು’ ಎಂದು ಮನೆಯವರು ಗಾಬರಿಯಾಗಬೇಕಿಲ್ಲ. ಕಲ್ಚರ್ ವರದಿ ಬಂದ ಮೇಲೆ ಮೆರೊಪೆನೆಮ್‌ನಿಂದ ಸಣ್ಣ ಔಷಧಕ್ಕೆ ಇಳಿದರೂ ಅಷ್ಟೇ. ಅದು ಚಿಕಿತ್ಸೆಯನ್ನು ಕಡೆಗಣಿಸಿದ್ದಲ್ಲ, ವರದಿಯನ್ನು ಓದಿ ಮಾಡಿದ ಕೆಲಸ.

ಕಾನೂನು ಮತ್ತು ಯೋಜನೆಗಳ ಕೊರತೆ ನಮ್ಮಲ್ಲಿಲ್ಲ. ಮೂರನೇ ತಲೆಮಾರಿನ ಸೆಫಲೊಸ್ಪೊರಿನ್ (ಸೆಫ್ಟ್ರಿಯಾಕ್ಸೋನ್ ಇದೇ ಗುಂಪಿನದು), ಕಾರ್ಬಪೆನೆಮ್ ಮುಂತಾದವನ್ನು ಮಾರುವಾಗ ವೈದ್ಯರ ಮತ್ತು ರೋಗಿಯ ಹೆಸರನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕೆಂಬ ಶೆಡ್ಯೂಲ್ ಎಚ್1 ನಿಯಮ 2014ರಿಂದ ಜಾರಿಯಲ್ಲಿದೆ. ಮೊದಲ ರಾಷ್ಟ್ರೀಯ ಕ್ರಿಯಾಯೋಜನೆ 2017ರಲ್ಲಿ ಬಂತು, ಎರಡನೆಯದು 2025ರಲ್ಲಿ. ಕೇರಳ 2018ರಲ್ಲೇ ತನ್ನದೇ ರಾಜ್ಯ ಯೋಜನೆ ರೂಪಿಸಿ, ಮುಂದೆ ರಾಜ್ಯಮಟ್ಟದ ಆ್ಯಂಟಿಬಯೋಗ್ರಾಮನ್ನು, ಅಂದರೆ ಯಾವ ಬ್ಯಾಕ್ಟೀರಿಯಾ ಯಾವ ಔಷಧಕ್ಕೆ ಶೇಕಡಾ ಎಷ್ಟು ಮಣಿಯುತ್ತದೆ ಎಂಬ ಪಟ್ಟಿಯನ್ನು, ಎಲ್ಲರಿಗೂ ಸಿಗುವಂತೆ ಪ್ರಕಟಿಸತೊಡಗಿತು.

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಗೆ ಅಂಥ ಒಂದು ಸಾಮಾನ್ಯ ಪಟ್ಟಿ ಸಾಧ್ಯವೇ? ಸಾಧ್ಯವೆಂದು ನಾನು ನಂಬುತ್ತೇನೆ, ಏಕೆಂದರೆ ಅದಕ್ಕೆ ಬೇಕಾದ ತಳಹದಿ ಈಗಾಗಲೇ ಇದೆ. 1957ರಲ್ಲಿ ಆರಂಭವಾದ, ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು, ಧಾರವಾಡದ ಸತ್ತೂರಿನ ಎಸ್‌ಡಿಎಂ, ಗದಗ ಮತ್ತು ಹಾವೇರಿಯ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಗಳು, ಈ ನಾಲ್ಕೂ ಕಡೆ ಸೂಕ್ಷ್ಮಜೀವಶಾಸ್ತ್ರ ವಿಭಾಗವಿದೆ. ಬೇಕಾಗಿರುವುದು ನಾಲ್ಕೂ ಕಡೆ ಒಂದೇ ವಿಧಾನದಲ್ಲಿ ಮಾಡಿದ ಪರೀಕ್ಷೆ, ತಾಲ್ಲೂಕು ಆಸ್ಪತ್ರೆಗಳಿಂದ ಮೊದಲ ಡೋಸಿಗೆ ಮುನ್ನ ತೆಗೆದ ಸೀಸೆಗಳು ಅಂದೇ ಜಿಲ್ಲಾ ಕೇಂದ್ರ ತಲುಪುವ ವ್ಯವಸ್ಥೆ, ಮತ್ತು ರೋಗಿಯನ್ನು ಮುಂದಕ್ಕೆ ಕಳಿಸಿದರೆ ವರದಿ ಅವರ ಹಿಂದೆಯೇ ಹುಬ್ಬಳ್ಳಿಗೆ ಹೋಗುವಂತೆ ಒಂದು ಫೋನ್ ಕರೆ. ಕಲ್ಚರ್ ಸೀಸೆಯನ್ನು ತಣ್ಣಗಿಡಬೇಕಾಗಿಲ್ಲ, ಫ್ರಿಜ್ಜಿನಲ್ಲಿ ಇಡಲೂಬಾರದು; ಸಾಧಾರಣ ಉಷ್ಣತೆಯಲ್ಲಿ ಕೆಲವು ಗಂಟೆ ಪ್ರಯಾಣ ಮಾಡಬಲ್ಲ ವಸ್ತು ಅದು.

ಪಟ್ಟಿ ತಯಾರಿಸುವ ಅಂತರರಾಷ್ಟ್ರೀಯ ನಿಯಮದಂತೆ ಒಬ್ಬ ರೋಗಿಯಿಂದ ಒಂದು ಜಾತಿಯ ಮೊದಲ ಮಾದರಿಯನ್ನಷ್ಟೇ ಎಣಿಸಬೇಕು, ಮತ್ತು ಒಂದು ಜಾತಿಯ ಬಗ್ಗೆ ಶೇಕಡಾವಾರು ಹೇಳಲು ಕನಿಷ್ಠ 30 ಮಾದರಿಗಳಿರಬೇಕು. ಹಾವೇರಿಯಂಥ ಹೊಸ ಸಂಸ್ಥೆಯಲ್ಲಿ ಒಂದು ವರ್ಷಕ್ಕೆ ಅಷ್ಟು ಕ್ಲೆಬ್ಸಿಯೆಲ್ಲಾ ರಕ್ತದಿಂದ ಸಿಗದಿದ್ದರೆ ಎರಡು ವರ್ಷಗಳದ್ದನ್ನು ಕೂಡಿಸಬಹುದು, ಅಥವಾ ಗದಗದ ಮಾದರಿಗಳೊಂದಿಗೆ ಸೇರಿಸಬಹುದು. ನಿಯಮ ಇದಕ್ಕೂ ಅವಕಾಶ ಕೊಡುತ್ತದೆ. ತೀವ್ರ ನಿಗಾ ಘಟಕದ ಮಾದರಿಗಳನ್ನು ಒಂದು ಕಡೆ, ಮೊದಲ ಎರಡು ದಿನಗಳಲ್ಲಿ ತೆಗೆದ ಹೊರಗಿನವರ ಮಾದರಿಗಳನ್ನು ಇನ್ನೊಂದು ಕಡೆ ಇಟ್ಟು ಎರಡು ಬೇರೆ ಪಟ್ಟಿ ಮಾಡಿದರೆ, ಸವಣೂರಿನ ವೈದ್ಯರು ಎರಡನೆಯ ಪಟ್ಟಿಯನ್ನು ನೋಡಿ ಔಷಧ ಬರೆಯಬಹುದು, ಹುಬ್ಬಳ್ಳಿಯ ಐಸಿಯು ವೈದ್ಯರು ಮೊದಲನೆಯದನ್ನು.